ಮೂರು ಸಲ ಕೂಗಿ

"ರಾತ್ರಿ ಮೂರಕ್ಕೂ ನಿನ್ನ ರೂಮಿನ ದೀಪ ಉರೀತಿತ್ತಲ್ಲೋ" ಅಂದರು ಪಕ್ಕದ ಮನೆ ಅಜ್ಜಿ, ಕಾಂಪೌಂಡ್ ಗೋಡೆ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ. ನಾನೂ ಒಂದು ಹಿಡಿ ಎಳಕೊಂಡೆ.

ಕುಬರ್ನೆಟಿಸ್ ಕ್ಲಸ್ಟರಿನಲ್ಲಿ ನಮ್ಮದೊಂದು ಕಂಟೇನರ್ ಏಳೋದು, ಬೀಳೋದು, ಮತ್ತೆ ಏಳೋದು. "ಎಬ್ಬಿಸೋರು ಯಾರು?" ಕ್ಯೂಬ್‌ಲೆಟ್ ಅಂತ ಒಬ್ಬ ಮೇಸ್ತ್ರಿ ಇದಾನೆ ಅಜ್ಜಿ. ಬಿದ್ದರೆ 10 ಸೆಕೆಂಡ್ ಬಿಟ್ಟು ಎಬ್ಬಿಸ್ತಾನೆ, ಮತ್ತೆ ಬಿದ್ದರೆ 20, ಆಮೇಲೆ 40. ಹೀಗೇ ದುಪ್ಪಟ್ಟಾಗ್ತಾ 5 ನಿಮಿಷದವರೆಗೂ ಹೋಗತ್ತೆ. ಪರದೆ ಮೇಲೆ 'ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್' ಅಂತ ಬರತ್ತೆ. ಅದನ್ನೇ ರೋಗದ ಹೆಸರು ಅಂದುಕೊಂಡು ಗಾಬರಿಯಾಗೋರು ನಮ್ಮ ಟೀಮಿನಲ್ಲೂ ಇದಾರೆ. ಮೇಸ್ತ್ರಿ 'ತಡಿ, ಸ್ವಲ್ಪ ಹೊತ್ತು ಬಿಟ್ಟು ನೋಡೋಣ' ಅಂತಿದಾನೆ, ಅಷ್ಟೇ.

ಸುಮ್ಮನೆ ಲಾಗ್ ತೆಗೆದರೆ ಈಗಷ್ಟೇ ಎದ್ದವನ ಆಕಳಿಕೆ ಸಿಗತ್ತೆ. ಸತ್ತವನ ಕೊನೇ ಮಾತು ಬೇಕಿದ್ದರೆ 'ಪ್ರೀವಿಯಸ್' ಅಂತ ಸೇರಿಸಿ ಕೇಳಬೇಕು. ಕೇಳಿದೆ. ಎರರ್ ಅನ್ನೋದೇ ಇಲ್ಲ! ಡೇಟಾ ತುಂಬಿಸಿಕೊಳ್ತಾ ಇದ್ದದ್ದು, ಸಾಲಿನ ಮಧ್ಯೆ ಕತ್ತು ಹಿಚುಕಿದ ಹಾಗೆ ನಿಂತುಹೋಗಿದೆ.

ಎಕ್ಸಿಟ್ ಕೋಡ್ 137. ಅಂದರೆ 128ಕ್ಕೆ 9 ಕೂಡಿಸಿ; 9 ಅಂದರೆ ಹಿಂದೆಮುಂದೆ ನೋಡದೆ ಕೊಲ್ಲೋ ಸಿಗ್ನಲ್. 137 ಕಂಡರೆ ಸಾಕು, ಎಲ್ಲರೂ ಮೆಮೊರಿ ಸಾಲದು ಅಂತಾರೆ. ನಾನೂ ಒಂದು ಜಿಬಿ ಇದ್ದದ್ದನ್ನು ಎರಡು ಮಾಡಿದೆ. ಕೊಟ್ಟಿದ್ದು ದಂಡ, ಮತ್ತೆ ಬಿತ್ತು. ಪಾಡ್‌ನ ಡಿಸ್ಕ್ರೈಬ್ ಮೊದಲೇ ಪೂರ್ತಿ ಓದಬೇಕಿತ್ತು. 'ಓಓಎಂ‌ಕಿಲ್ಡ್' ಅಂತ, ಮೆಮೊರಿ ಸಾಲದೆ ಸತ್ತರೆ ಬರೋ ಪದ, ಅಲ್ಲೆಲ್ಲೂ ಇರಲಿಲ್ಲ. ತೀರಾ ಕೆಳಗೆ, ಇವೆಂಟ್ಸ್‌ನಲ್ಲಿ, 'ಲೈವ್‌ನೆಸ್ ಪ್ರೋಬ್ ಫೇಲ್ಡ್'.

"ಹಾಗಂದ್ರೆ?"

ಬದುಕಿದಾನಾ ಅಂತ ವಿಚಾರಿಸೋದು ಅಜ್ಜಿ. 10 ಸೆಕೆಂಡಿಗೊಂದು ಸಲ ಮೇಸ್ತ್ರಿ ಕೂಗ್ತಾನೆ. ಸತತ ಮೂರು ಸಲ ಓಗೊಡದಿದ್ದರೆ ಮುಗೀತು, ಕೊಂದು ಹೊಸದು ಎಬ್ಬಿಸ್ತಾನೆ. ಹೋದ ವಾರದ ರಿಲೀಸ್ ಆದಮೇಲೆ ನಮ್ಮದಕ್ಕೆ ಕಣ್ಣು ಬಿಡೋಕೇ ಒಂದೂವರೆ ನಿಮಿಷ ಬೇಕು. ಇವನೋ ಅರ್ಧ ನಿಮಿಷದೊಳಗೆ ತೀರ್ಪು ಕೊಟ್ಟಾಗಿರತ್ತೆ.

"ಪಾಪ. ಆಮೇಲೆ?"

ಸ್ಟಾರ್ಟಪ್ ಪ್ರೋಬ್ ಅಂತ ಇನ್ನೊಂದಿದೆ. 30 ಸಲ ಕೂಗೋವರೆಗೂ ಕಾಯಿ, ಅದು 'ಎದ್ದೆ' ಅನ್ನೋ ತನಕ ಲೈವ್‌ನೆಸ್ ಪ್ರೋಬ್ ಬಾಯಿ ಬಿಡಬಾರದು ಅಂತ ಬರೆದೆ. ಆರು ಸಾಲು. ಮೂರೂವರೆಗೆ ಮಲಗಿದೆ.

ಅಜ್ಜಿ ಸಿಪ್ಪೆಯೆಲ್ಲ ಗುಡಿಸಿ ಮೊರ ಎತ್ತಿಕೊಂಡರು. ಎರಡು ಹೆಜ್ಜೆ ಹೋಗಿ ಕಿಟಕಿಯತ್ತ ತಿರುಗಿ, "ಲೋ, ಇದು ಮೂರನೇ ಸಲ ಕೂಗ್ತಿರೋದು! ಎದ್ದು ಬರ್ತೀಯೋ, ಚೊಂಬು ನೀರು ತರ್ಲೋ?" ಅಂದರು. ಒಳಗೆ ಮೊಮ್ಮಗ ಏನೋ ಗೊಣಗಿದ.

"ಇವನಿಗೂ ಆರು ಸಾಲು ಬರ್ಕೊಡು" ಅಂದು ಒಳಗೆ ಹೋದರು.