ಪೋಸ್ಟ್‌ಮನ್ ಪಾರ್ಕು

ಲಂಡನ್ ಬ್ರಿಜ್ ನೋಡಿದ್ರಾ, ಅರಮನೆ ನೋಡಿದ್ರಾ ಅಂತ ಬಂದಾಗಿನಿಂದ ಎಲ್ರೂ ಕೇಳೋದೇ ಆಯ್ತು ಕಣ್ರೀ. ನೋಡಿದೆ, ಇಲ್ಲ ಅಂತಲ್ಲ. ಫೋಟೋದಲ್ಲಿ ಹೇಗಿದೆಯೋ ಹಾಗೇ ಇದೆ. ನನ್ನ ಮನಸ್ಸಿಗೆ ಹಿಡಿಸಿದ್ದು ಅಲ್ಲಿನ ಹಳೇ ಪೇಟೆಯ ಒಂದು ಪುಟ್ಟ ಪಾರ್ಕು. ಪೋಸ್ಟ್‌ಮನ್ಸ್ ಪಾರ್ಕ್ ಅಂತ. ಸೇಂಟ್ ಪಾಲ್ಸ್ ಚರ್ಚಿನ ಹತ್ತಿರವೇ. ಮಗನ ಆಫೀಸು ಅಲ್ಲೇ ಪಕ್ಕದ ಬೀದಿ, ಊಟದ ಹೊತ್ತಿಗೆ ಬರ್ತೀನಿ ಅಂತ ನನ್ನನ್ನ ಕೂರಿಸಿ ಹೋದ.

ಹಿಂದೆ ಪಕ್ಕದಲ್ಲೇ ದೊಡ್ಡ ಪೋಸ್ಟಾಫೀಸು ಇತ್ತಂತೆ, ಅಲ್ಲಿನವರು ಮಧ್ಯಾಹ್ನ ಇಲ್ಲಿ ಬಂದು ಬುತ್ತಿ ಬಿಚ್ತಿದ್ರಂತೆ. ಅದಕ್ಕೆ ಆ ಹೆಸರು. ಅದಕ್ಕೂ ಮುಂಚೆ ಅದು ಸ್ಮಶಾನ. ಅಯ್ಯೋ, ಮುಖ ಯಾಕೆ ಹಾಗೆ ಮಾಡ್ತೀರಾ? ಚರ್ಚಿನವರು ಹೂಳ್ತಿದ್ದ ಜಾಗಾನ 1880ರಲ್ಲಿ ಪಾರ್ಕು ಮಾಡಿದ್ದು. ಜಾಗ ಸಾಲದೆ ಇದ್ದ ಹೆಣದ ಮೇಲೇ ಇನ್ನೊಂದು ಇಟ್ಟು ಮಣ್ಣು ಮುಚ್ತಾ ಹೋಗಿ, ಈಗಲೂ ಅಲ್ಲಿನ ನೆಲ ರಸ್ತೆಗಿಂತ ಎತ್ತರ. ಸಮಾಧಿ ಕಲ್ಲುಗಳನ್ನ ಕಿತ್ತು ಗೋಡೆಗೆ ಒರಗಿಸಿದ್ದಾರೆ. ಅದರೆದುರು ಸೂಟು ಬೂಟಿನ ಹುಡುಗರು ಆರಾಮಾಗಿ ಸ್ಯಾಂಡ್‌ವಿಚ್ ತಿಂತಾರೆ. ನಮ್ಮತ್ತೆ ಇದ್ದಿದ್ರೆ ನನಗೆ ಆಚೇನೇ ತಲೆಗೆ ನೀರು ಹಾಕಿಸಿ ಒಳಗೆ ಬಿಡ್ತಿದ್ರು.

ಅದಿರಲಿ. ಒಂದು ಪಕ್ಕಕ್ಕೆ ಉದ್ದಕ್ಕೆ ಮರದ ಮಾಡು ಇಳಿಸಿದ್ದಾರೆ. ಅದರಡಿಯ ಗೋಡೆ ಮೇಲೆ ಹೊಳಪಿನ ಟೈಲ್ಸು, ಟೈಲ್ಸಿನ ಮೇಲೆ ಬರಹ. ಬೇರೆಯವರ ಜೀವ ಉಳಿಸೋಕೆ ಹೋಗಿ ತಾವು ಹೋದವರ ಹೆಸರು, ಕಸುಬು, ತಾರೀಖು. ಪೇಪರ್ ಬಂದ ತಕ್ಷಣ ನಾವು ಶ್ರದ್ಧಾಂಜಲಿ ಪುಟ ತೆಗೀತೀವಲ್ಲ, ಹಾಗೆ ಒಂದೊಂದನ್ನೂ ಬಿಡದೆ ಓದಿದೆ. ವಾಟ್ಸ್ ಅಂತ ಒಬ್ಬ ದೊಡ್ಡ ಚಿತ್ರಕಾರ, ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಐವತ್ತು ವರ್ಷ ಆದಾಗ, 1887ರಲ್ಲಿ, ಬಡವರ ಸಾಹಸಕ್ಕೆ ಒಂದು ಸ್ಮಾರಕ ಮಾಡಿ ಅಂತ ಪೇಪರಿಗೆ ಬರೆದನಂತೆ. ಯಾರೂ ಕ್ಯಾರೇ ಅನ್ನಲಿಲ್ಲ. ಕೊನೆಗೆ ತಾನೇ ನಿಂತು ಮಾಡಿಸಿದ, 1900ರಲ್ಲಿ.

ಆಲಿಸ್ ಏರ್ಸ್ ಅಂತ ಒಬ್ಬಳು, ಅಕ್ಕನ ಮನೇಲಿ ಮಕ್ಕಳನ್ನ ನೋಡ್ಕೊಂಡಿದ್ದ ಹುಡುಗಿ. ಕೆಳಗೆ ಎಣ್ಣೆ-ಬಣ್ಣದ ಅಂಗಡಿ, ಮೇಲೆ ಮನೆ. 1885ರಲ್ಲಿ ಒಂದು ರಾತ್ರಿ ಬೆಂಕಿ ಹತ್ತಿಕೊಂಡಿದೆ. ಇವಳು ಕಿಟಕಿಯಿಂದ ಹಾಸಿಗೆ ಎಸೆದಳು, ಮೂರು ಮಕ್ಕಳನ್ನ ಒಬ್ಬೊಬ್ಬರಾಗಿ ಅದರ ಮೇಲೆ ಬಿಟ್ಟಳು. ಒಂದೊಂದು ಸಲವೂ ಹೊಗೆಯೊಳಕ್ಕೆ ವಾಪಸ್ ಹೋಗಿ ಎತ್ಕೊಂಡು ಬರಬೇಕು, ನೋಡಿ! ಕೊನೆಗೆ ತಾನು ಹಾರುವಾಗ ಕೈಕಾಲಲ್ಲಿ ಶಕ್ತಿಯಿಲ್ಲ. ಅಂಗಡಿ ಬೋರ್ಡಿಗೆ ತಗುಲಿ, ಹಾಸಿಗೆ ತಪ್ಪಿ ಬಿದ್ದಳು. ಆಸ್ಪತ್ರೇಲಿ ತೀರಿಕೊಂಡಳು. ಇನ್ನೊಬ್ಬ ಹನ್ನೊಂದು ವರ್ಷದ ಹುಡುಗ, ತಮ್ಮನನ್ನ ಗಾಡಿಗೆ ಸಿಗದ ಹಾಗೆ ತಳ್ಳಿ ತಾನು ಸಿಕ್ಕಿಬಿದ್ದ. ಸಾಯುವಾಗ ಅಮ್ಮನಿಗೆ ಹೇಳಿದ್ದನ್ನೂ ಬರೆದಿದ್ದಾರೆ, ನಾನು ಹೇಳಲ್ಲ, ಗಂಟಲು ಕಟ್ಟುತ್ತೆ.

ಹ್ಞಾಂ, ಸರಿಯಾಗಿ ಹೇಳಿದ್ರಿ, ವೀರಗಲ್ಲೇ! ನಮ್ಮೋರು ನಾಯಿಗೂ ನಿಲ್ಲಿಸಿದಾರಲ್ಲ, ಆತಕೂರಿನ ಕಾಳಿಗೆ. ಹಂದಿ ಜೊತೆ ಹೋರಾಡಿ ಸತ್ತಿದ್ದಕ್ಕೆ, ಹತ್ತನೇ ಶತಮಾನದಲ್ಲೇ. ಆದ್ರೆ ನಮ್ಮ ಕಲ್ಲಲ್ಲಿ ಹೆಚ್ಚಾಗಿ ಕತ್ತಿ ಹಿಡಿದವರೇ. ಇಲ್ಲಿ ಸಕ್ಕರೆ ಕಾರ್ಖಾನೆ ಬಾಯ್ಲರ್ ಸಿಡಿದಾಗ ಜೊತೆಗಾರನನ್ನ ಹುಡುಕೋಕೆ ವಾಪಸ್ ಹೋದ ಕೂಲಿಯವನಿದಾನೆ, ಗೆಳತಿಯ ಬಟ್ಟೆಗೆ ಹತ್ತಿದ ಬೆಂಕಿ ಆರಿಸೋಕೆ ಹೋದ ನಾಟಕದ ಹುಡುಗಿ ಇದಾಳೆ. ಅವಳು ಹಾಕ್ಕೊಂಡಿದ್ದೂ ಅಂಥದೇ ಬಟ್ಟೆ, ಪಾಪ.

ನೂರಿಪ್ಪತ್ತು ಫಲಕಕ್ಕೆ ಜಾಗ ಮಾಡಿದ್ರಂತೆ, ಇನ್ನೂ ಅರ್ಧಕ್ಕರ್ಧ ಗೋಡೆ ಖಾಲಿ. 2009ರಲ್ಲಿ ಒಂದು ಹಾಕಿದಾರೆ, ಕಾಲುವೆಗೆ ಬಿದ್ದ ಹುಡುಗನನ್ನ ಉಳಿಸಿ ತಾನು ಮುಳುಗಿದವನಿಗೆ.

ನಿಮ್ಮ ಮಗಳ ಹತ್ರ ಹೋದಾಗ ತಪ್ಪಿಸ್ಬೇಡಿ. ಸೇಂಟ್ ಪಾಲ್ಸ್ ಸ್ಟೇಷನ್ನಲ್ಲಿ ಇಳೀರಿ. ಮಧ್ಯಾಹ್ನ ಬೇಡ, ಆಫೀಸಿನವರು ಬೆಂಚು ಬಿಡಲ್ಲ. ಹತ್ತೂವರೆಗೆ ಹೋಗಿ, ಚಿತ್ರಾನ್ನದ ಡಬ್ಬಿ ತಗೊಂಡೇ ಹೋಗಿ, ಅಲ್ಲಿ ಯಾರೂ ಏನೂ ಅನ್ನಲ್ಲ.