ಮಡಚಿಟ್ಟ ಕೌದಿ ಬಾಯಿ ಬಿಟ್ಟಾಗ

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ಕಡೆಯ ಒಂದು ಮನೆಯ ಅಟ್ಟದ ಮೇಲೆ, ತುಕ್ಕು ಹಿಡಿದ ಟ್ರಂಕಿನಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ ಮಲಗಿದ್ದ ಕೌದಿ ಸಂದರ್ಶನಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಫೋಟೊ ತೆಗೆದರೆ ಎರಡೂ ಮಗ್ಗುಲು ತೆಗೆಯಬೇಕು. ಬಣ್ಣ ನೋಡಿ ಹೊಗಳುವವರು ಮುಂದುಗಡೆ ನೋಡುತ್ತಾರೆ, ಹೊಲಿಗೆ ಬಲ್ಲವರು ಮೊದಲು ತಿರುಗಿಸುತ್ತಾರೆ ಎಂಬುದು ಅದರ ವಾದ. ಪತ್ರಿಕೆಯಿಂದ ಬಂದಿದ್ದ ಹುಡುಗಿ ಒಪ್ಪಿ, ಪಟ್ಟಿಯಲ್ಲಿದ್ದ ಮೊದಲ ಪ್ರಶ್ನೆ ಕೇಳಿದಳು: “ಅಜ್ಜಿ, ನಿಮ್ಮ ವಯಸ್ಸೆಷ್ಟು?”

“ಯಾವ ಪದರದ್ದು ಕೇಳ್ತೀಯವ್ವ?” ಎಂದಿತು ಕೌದಿ. “ತಳದಾಗಿರೋ ಇಳಕಲ್ ಸೀರೆ ಈ ಮನೆ ಮುತ್ತಜ್ಜಿದು. ನಡುವೆ ಇರೋದು ಮುತ್ತಜ್ಜನ ಪಂಚೆ. ಮೇಲಿನ ಹೂವಿನ ತುಂಡು ಹೊಸದುರ್ಗದ ಸಂತೇಲಿ ತಂದ ಚೀಟಿ ಬಟ್ಟೆ. ಈ ಖಾಕಿ ಇಸ್ಕೂಲ್ ಚಡ್ಡಿ. ಅದನ್ನ ಹಾಕ್ಕೊಂಡಿದ್ದ ಹುಡುಗ ಈಗ ಬೆಂಗಳೂರಾಗೆ ಸಾಫ್ಟ್‌ವೇರು. ನಾನೂ ರೇಷನ್ ಕಾರ್ಡ್ ಇದ್ದಂಗೆ ಕಣವ್ವ. ಸತ್ತೋರ ಹೆಸರನ್ನೂ ಇನ್ನೂ ತೆಗೆಸಿಲ್ಲ.”

ಹಳೆಯ ಮನೆಯಲ್ಲಿ ಮಾತು ಎಲ್ಲಿಂದ ಶುರುವಾದರೂ ದಾಯಾದಿಗಳ ಕಡೆಗೆ ಹೊರಳುವುದು ವಾಡಿಕೆ. ಇಲ್ಲೂ ಹಾಗೇ ಆಯಿತು.

“ಈ ಜಿಲ್ಲೇಲಿ ಮಳೆಗೆ ಬರ ಐತೆ, ಬಟ್ಟೆಗೆ ಇಲ್ಲ. ಮೊಳಕಾಲ್ಮುರು ರೇಷ್ಮೆ ಸೀರೆಗೆ ಜಿಐ ಟ್ಯಾಗ್ ಸಿಕ್ತು. ಚಳ್ಳಕೆರೆ ಕಡೆ ಕಂಬಳಿ ನೇಯ್ತಾರೆ; ಪೂಜೇಲಿ ಅದನ್ನೇ ಹಾಸಿ ಗದ್ದಿಗೆ ಮಾಡ್ತಾರೆ. ಲಂಬಾಣಿ ಅಕ್ಕಂದಿರ ತಾಂಡಾ ನಮ್ಮ ಸುತ್ತಮುತ್ತಲೂ ಅವೆ. ಅವರ ಕಸೂತಿಗೆ ಸಂಡೂರಿನ ಹೆಸರಲ್ಲಿ ಟ್ಯಾಗೂ ಆತು, 2023ರಾಗೆ ಹಂಪಿ ಜಿ-20 ಸಭೇಲಿ 1,755 ವಸ್ತು ಜೋಡಿಸಿಟ್ಟು ಗಿನ್ನೆಸ್ ದಾಖಲೇನೂ ಆತು. ಸಂತೋಷ. ನಂಗೆ ಸಿಕ್ಕಿದ್ದು ನುಸಿಗುಳಿಗೆ.”

“ಹೊಟ್ಟೆಕಿಚ್ಚೇ ಅಜ್ಜಿ?”

“ಲೆಕ್ಕ ಕಣವ್ವ. ಹಿರಿಯೂರಲ್ಲಿ ತೇರುಮಲ್ಲೇಶ್ವರನ ತೇರಿನ ದಿನ ಮುಕ್ತಿ ಬಾವುಟ ಹರಾಜಾಗ್ತೈತಲ್ಲ, ನಾಯಕನಹಟ್ಟಿ ತಿಪ್ಪೇಸ್ವಾಮಿ ತೇರಲ್ಲೂ ಅಷ್ಟೆ, ಲಕ್ಷಗಟ್ಟಲೆ ಕೂಗ್ತಾರೆ. ದೇವರ ಬಾವುಟ, ಅದರ ಪುಣ್ಯ ದೊಡ್ಡದು, ತಕರಾರಿಲ್ಲ. ಆದ್ರೆ ಅದೂ ಬಟ್ಟೆ, ನಾನೂ ಬಟ್ಟೆ. ನನ್ನ ಹೊಲಿದ ಹೆಂಗಸಿಗೆ ಕೂಲಿ ಕೊಡೋವಾಗ ಮಾತ್ರ ಐವತ್ತು ರೂಪಾಯಿ ಬಿಡು ಅಂತ ಜಗುಲಿ ಮೇಲೆ ಅರ್ಧ ದಿನ ಜಗಳ ಆಡಿದ್ರು. ಅದನ್ನ ಬರ್ಕೊ.”

ಹುಡುಗಿ ಬರೆದುಕೊಂಡಳು. ಬರೆದುಕೊಳ್ಳಬೇಕಾದ ಮಾತೇ ಅದು. ಮಧ್ಯ ಕರ್ನಾಟಕದಿಂದ ಉತ್ತರಕ್ಕೆ ಹೋದಂತೆಲ್ಲ ಕೌದಿ ಹೊಲಿಯುವುದು ಮನೆಯ ಅಜ್ಜಿಯರ ಮಧ್ಯಾಹ್ನದ ಕೆಲಸವೂ ಹೌದು, ಬೀದಿ ಬೀದಿ ಸುತ್ತಿ ಹೊಲಿಗೆ ಕೇಳುವ ಅಲೆಮಾರಿ ಸಮುದಾಯಗಳ ಹೆಂಗಸರ ಜೀವನವೂ ಹೌದು. ಬಟ್ಟೆ ಮನೆಯವರದು. ಸೂಜಿ, ಕೈ, ಬೆನ್ನುನೋವು ಹೊಲಿಯುವವರದು. ಹಿಂದೆ ಕೂಲಿಯ ಜೊತೆ ಕಾಳುಕಡಿ, ಊಟ ಸಿಗುತ್ತಿತ್ತು. ಈಗ ಮಿಂಕ್ ರಗ್ಗಿನ ದರ ತೋರಿಸಿ ಕೂಲಿ ಇಳಿಸುವುದು ರೂಢಿಯಾಗಿದೆ.

ರಗ್ಗಿನ ಹೆಸರೆತ್ತಿದ್ದೇ ತಪ್ಪಾಯಿತು. “ಪಾನಿಪತ್ತಿನಾಗೆ ಫಾರಿನ್‌ನಿಂದ ಬಂದ ಹಳೇ ಸ್ವೆಟರ್ ಹರಿದು, ನೂಲು ತೆಗೆದು, ಅಗ್ಗದ ಕಂಬಳಿ ಮಾಡ್ತಾರೆ, ಗೊತ್ತಾ? ಅದೂ ಹಳೇ ಬಟ್ಟೇನೇ. ಯಾರ ಮೈಮೇಲಿಂದು ಅಂತ ಮಾತ್ರ ಯಾರಿಗೂ ತಿಳೀದು. ಅದನ್ನ ದುಡ್ಡು ಕೊಟ್ಟು ಹೊದೀತಾರೆ. ಹೆತ್ತ ತಾಯಿ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತಗೊಂತಾರೆ!”

ಸಮಾಧಾನಕ್ಕೆಂದು ಹುಡುಗಿ ಪ್ರಪಂಚದ ಸುದ್ದಿ ಹೇಳಿದಳು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅವುಗಳ ಬೆನ್ನಿಗೆ ನಿಂತವರು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್. ಅಲಬಾಮದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಗುಲಾಮರ ಸಂತತಿಯ ಕಪ್ಪು ಹೆಂಗಸರು ಹೊಲದಲ್ಲಿ ಸವೆದ ಪ್ಯಾಂಟು, ಗೋಣಿಚೀಲ ಕತ್ತರಿಸಿ ಹೊಲಿದ ಕ್ವಿಲ್ಟುಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನಗೊಂಡವು. 2006ರಲ್ಲಿ ಅಮೆರಿಕ ಅವುಗಳ ಚಿತ್ರವಿರುವ ಅಂಚೆಚೀಟಿಗಳನ್ನೇ ಹೊರತಂದಿತು.

ಕೌದಿ ಒಂದು ಗಳಿಗೆ ಸುಮ್ಮನಿದ್ದು, “ಗೋಡೆಗೆ ನೇತುಹಾಕಿದ್ರೆ ಮಲಗೋರು ಏನ್ ಹೊದ್ಕೋಬೇಕು?” ಎಂದಿತು. ಆಮೇಲೆ, ದಾಯಾದಿ ಮತ್ಸರವನ್ನು ಬದಿಗಿಟ್ಟು, ಸಿದ್ದಿಯರ ಕೌದಿಯನ್ನು ಹೊಗಳಿತು. ಅವರು ನಾಲ್ಕು ಮೂಲೆಗೂ ತ್ರಿಕೋನದ ಪುಟ್ಟ ತುಂಡುಗಳನ್ನು ಹಚ್ಚುತ್ತಾರೆ, ಫುಲಾ ಎನ್ನುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.

ಇಷ್ಟಾದ ಮೇಲೆ ಹುಡುಗಿ ನಿಜವಾದ ಪ್ರಶ್ನೆಗೆ ಬಂದಳು. ಓದುಗರು ಕೌದಿ ಹೊಲಿಯಲು ಶುರುಮಾಡಬೇಕು ಅಂತಿದ್ದಾರೆ, ಯಾವ ಕಿಟ್ ತರಿಸಬೇಕು?

ಟ್ರಂಕು ನಡುಗಿತು. “ಕಿಟ್ಟಾ? ಹೊಸಾ ಬಟ್ಟೆ ಕೊಂಡು, ಕತ್ತರಿಸಿ ತುಂಡು ಮಾಡಿ, ಮತ್ತೆ ಕೂಡಿಸಿ ಹೊಲೀತಾರಾ? ಎರಡೂವರೆ ಇಂಚಿನ ಪಟ್ಟಿ ಸುತ್ತಿಟ್ಟು ಜೆಲ್ಲಿ ರೋಲ್ ಅಂತ ಮಾರ್ತಾರಂತೆ. ತಿನ್ನೋದಾ, ಹೊದೆಯೋದಾ? ಮೊದ್ಲು ಮನೆ ಬೀರು ತೆಗೀರವ್ವ.”

ಬೀರುವಿನಲ್ಲಿ ಸಿಗುವ ವಸ್ತುಗಳ ಬಗ್ಗೆ ಕೌದಿಗೆ ಖಚಿತ ಅಭಿಪ್ರಾಯಗಳಿವೆ. ಒಂದು, ಜಂಪರ್ ಪೀಸು. ಅರಿಶಿನ ಕುಂಕುಮದ ತಟ್ಟೆಯಲ್ಲಿ ಬಂದು, ಇನ್ನೊಬ್ಬರ ಮನೆಯ ತಟ್ಟೆಯಲ್ಲಿ ಹೋಗಿ, ಕೆಲವೊಮ್ಮೆ ಕೊಟ್ಟವರ ಮನೆಗೇ ತಿರುಗಿ ಬರುವ ಈ ಬಟ್ಟೆಗೆ ಕತ್ತರಿ ಹಾಕಿದರೆ ಎಷ್ಟೋ ಮನೆಗಳಿಗೆ ಉಪಕಾರ. ಎರಡು, ಸನ್ಮಾನದ ಶಾಲು. ಮುಖ್ಯಮಂತ್ರಿಯಾದ ಹೊಸದರಲ್ಲಿ, 2023ರಲ್ಲಿ, ಸಿದ್ದರಾಮಯ್ಯನವರು ಹಾರ ಶಾಲು ಬೇಡ, ಪುಸ್ತಕ ಕೊಡಿ ಎಂದಿದ್ದರು. ಶಾಲು ಹೊದಿಸುವವರ ಉತ್ಸಾಹ ಅದರಿಂದೇನೂ ಕುಗ್ಗಲಿಲ್ಲ. ಆದರೆ ಸನ್ಮಾನದ ಶಾಲು ಕೌದಿಗೆ ಬಾರದು. ಸಿಂತೆಟಿಕ್ಕು, ಜರಿ ಚುಚ್ಚುತ್ತದೆ, ಬೆವರು ಹೀರುವುದಿಲ್ಲ, ಸೂಜಿಯಡಿ ಜಾರುತ್ತದೆ.

ಕಾಟನ್ ಹೌದೋ ಅಲ್ಲವೋ ಅನುಮಾನವಿದ್ದರೆ ಒಂದು ಎಳೆ ಕಿತ್ತು ಬೆಂಕಿ ತೋರಿಸಿದರೆ ಸಾಕು. ಹತ್ತಿ ಕಾಗದದಂತೆ ಉರಿದು ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಎರಡನ್ನೂ ಕಲಸಿ ನೇಯ್ದ ಬಟ್ಟೆ ಎರಡೂ ಬುದ್ಧಿ ತೋರಿಸುತ್ತದೆ. ಜಂಪರ್ ಪೀಸುಗಳಿಗೆ ಈ ಪರೀಕ್ಷೆ ಕಡ್ಡಾಯ.

ಅಜ್ಜಿಯ ರೇಷ್ಮೆ ಸೀರೆ ಬಗ್ಗೆ ಕೌದಿಯ ದನಿ ತಗ್ಗಿತು. “ವರ್ಷಗಟ್ಟಲೆ ಒಂದೇ ಮಡಿಕೇಲಿ ಇಟ್ಟ ರೇಷ್ಮೆ ಮಡಿಕೆ ಗೆರೇಲೇ ಸೀಳ್ತೈತೆ. ಎರಡೂ ಕೈಲಿ ಮೆಲ್ಲಗೆ ಎಳೆದು ನೋಡು. ಪರ್ ಅಂದ್ರೆ ಹೊಲಿಗೆ ತಡೆಯಲ್ಲ. ನೆನಪಿಗೆ ಇಟ್ಕೊ, ಕೌದಿಗೆ ಬೇಡ.”

ಹೊಸ ತುಂಡು, ಹಳೆ ತುಂಡು ಎರಡನ್ನೂ ಹೊಲಿಯುವ ಮುಂಚೆ ಒಗೆದು ಒಣಗಿಸಬೇಕು. ಹೊಸದು ಆಮೇಲೆ ಕುಗ್ಗಿದರೆ ಪಕ್ಕದ ಹಳೆಯದನ್ನು ಎಳೆದು ಸುಕ್ಕು ಮಾಡುತ್ತದೆ. ಕೆಂಪು ಬಟ್ಟೆಯನ್ನು ಬೇರೆಯಾಗಿ ನೆನೆಸಿ, ನೀರಿನ ಬಣ್ಣ ನೋಡಬೇಕು. ನೀರು ಕೆಂಪಾಗುತ್ತಲೇ ಇದ್ದರೆ ಅದನ್ನು ಬಿಳಿ ಪಂಚೆಯ ಪಕ್ಕ ಕೂರಿಸಬಾರದು.

ಅಳತೆಗೆ ಬಂದಾಗ ಕೌದಿ ಮೇಷ್ಟರಾಯಿತು. ಸಾಮಾನ್ಯ ಸೀರೆ ಐದೂವರೆ ಮೀಟರ್, ಅಂದರೆ 18 ಅಡಿ ಉದ್ದ. ಅಗಲ 45 ಇಂಚು. ಉದ್ದದಲ್ಲಿ ಮೂರು ಭಾಗ ಮಾಡಿದರೆ ಆರಾರು ಅಡಿಯ ಮೂರು ತುಂಡು. ಎರಡನ್ನು ಅಕ್ಕಪಕ್ಕ ಕೂಡಿಸಿದರೆ ಆರಡಿಗೆ ಏಳೂವರೆ ಅಡಿಯ ತಳ ಸಿದ್ಧ, ಇನ್ನೊಂದು ಮಿಕ್ಕಿತು. ಇದು ಇಬ್ಬರು ಹೊದೆಯುವ ಲೆಕ್ಕ. ಮೊದಲ ಸಲ ಹೊಲಿಯುವವರಿಗೆ ಅಷ್ಟು ದೊಡ್ಡದು ಬೇಡವೇ ಬೇಡ. ಮೂರಡಿ ಚೌಕದ ಕೂಸಿನ ಕೌದಿ ಸಾಕು. ಕೂಸು ಹೊಲಿಗೆಗೆ ಹೆಸರಿಡುವುದಿಲ್ಲ.

“ನೆಲ ಒರೆಸಿ, ತಳದ ಬಟ್ಟೆ ಬಿಗಿಯಾಗಿ ಹಾಸು. ಮೇಲೆ ಮೆತ್ತನೆ ಪಂಚೆ ಒಂದೆರಡು ಪದರ. ಅದರ ಮೇಲೆ ತುಂಡು ಜೋಡಿಸು, ಅಂಚು ಕಾಲಿಂಚು ಒಳಗೆ ಮಡಚು. ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಕೂರಿಸು, ಇಲ್ದಿದ್ರೆ ಪದರ ಅಲ್ಲಾಡ್ತವೆ. ಆಮೇಲೆ ದಪ್ಪ ಹತ್ತಿ ದಾರ, ಉದ್ದನೆ ಸೂಜಿ. ದಾರಕ್ಕೆ ಜೇನುಮೇಣ ಸವರಿದ್ರೆ ಗಂಟು ಬೀಳಲ್ಲ. ಸೂಜಿ ಒಮ್ಮೆ ಒಳಗೆ, ಒಮ್ಮೆ ಹೊರಗೆ, ಅಷ್ಟೇ ವಿದ್ಯೆ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ಬೆರಳಗಲ ಬಿಡು.”

ಇಲ್ಲೊಂದು ವ್ಯತ್ಯಾಸವಿದೆ. ಅಮೆರಿಕದ ಕ್ವಿಲ್ಟಿನಲ್ಲಿ ಪದರಗಳ ನಡುವೆ ಹತ್ತಿಯ ಹಾಸು ಇಟ್ಟು, ಸಾಮಾನ್ಯವಾಗಿ ನಡುವಿನಿಂದ ಅಂಚಿಗೆ ಹೊಲಿಯುತ್ತಾರೆ. ಕೌದಿಯ ದಾರಿ ತಿರುಗಾಮುರುಗ. ಹತ್ತಿ ಹಾಸಿಲ್ಲ, ಮೂಲೆಯಿಂದ ಶುರುವಾಗಿ ಅಂಚಿನ ಗುಂಟ ಸುತ್ತುತ್ತಾ ಒಳಗೆ ಬರುವುದು. ನಾಲ್ವರು ನಾಲ್ಕು ಬದಿಗೆ ಕೂತರೆ ಕೆಲಸ ಬೇಗ ಆಗುತ್ತದೆ, ಊರ ಸುದ್ದಿಯೂ ಸಂಗ್ರಹವಾಗುತ್ತದೆ. ಆ ಸುದ್ದಿಯಲ್ಲಿ ಕೆಲವು ತನ್ನೊಳಗೇ ಹೊಲಿದುಹೋಗಿವೆ, ಪತ್ರಿಕೆಗೆ ಕೊಡಲಾಗದು ಎಂದು ಕೌದಿ ಸ್ಪಷ್ಟವಾಗಿ ತಿಳಿಸಿತು.

ಒಗೆಯುವ ಪ್ರಶ್ನೆ ಬಂದಾಗ ಅದು ನಿಟ್ಟುಸಿರು ಬಿಟ್ಟಿತು. ಹಬ್ಬದ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹಳ್ಳಕ್ಕೋ ಕೆರೆಗೋ ಹೋಗುತ್ತಿದ್ದ ಕಾಲವೊಂದಿತ್ತು. ನೆನೆದ ಕೌದಿ ಹಿಂಡಲು ಎರಡಾಳು ಬೇಕು. “ಮೆಷಿನ್ನಿಗೆ ಹಾಕಿದ್ರು. ಅದು ಕೆಂಪು ದೀಪ ಹಾಕ್ಕೊಂಡು ನಿಂತ್ಕೊಂತು. ಏಳು ಸುತ್ತಿನ ಕೋಟೇಲೂ ಜೋಗಿಮಟ್ಟಿ ಗಾಳಿಗೆ ಜಗ್ಗದೋರು ನಾವು. ಆ ಡಬ್ಬ ಏನ್ ಮಾಡೀತು?” ಕೌದಿಯ ಸಲಹೆ ಸರಳ: ದೊಡ್ಡದನ್ನು ಟಬ್ಬಿನಲ್ಲಿ ನೆನೆಸಿ, ತುಳಿದು ಒಗೆದು, ಹಗ್ಗಕ್ಕೆ ನೇತುಹಾಕದೆ ಚಪ್ಪಟೆಯಾಗಿ ಹರವಿ ಒಣಗಿಸಬೇಕು. ನೀರಿನ ಭಾರಕ್ಕೆ ಹಳೆಯ ಎಳೆ ಹರಿಯುತ್ತದೆ.

ಹುಡುಗಿ ಪೆನ್ನು ಮುಚ್ಚುವಾಗ ಕೌದಿ ತಡೆಯಿತು. “ಇಷ್ಟು ಬರಿ. ಮದುವೆ ಸೀಜನ್ನು ಮುಗಿದ ವಾರ ದುರ್ಗದಾಗಾಗ್ಲಿ, ಹಿರಿಯೂರಾಗಾಗ್ಲಿ ಟೈಲರ್ ಅಂಗಡಿಗೆ ಒಂದು ಚೀಲ ಹಿಡ್ಕೊಂಡು ಹೋಗ್ರಿ. ತುಂಡು ಬಟ್ಟೆ ಗುಡಿಸಿ ಎಸೆಯೋ ಮುಂಚೆ ಕೇಳ್ರಿ. ಕಾಟನ್ ಆರಿಸ್ಕೊಂಡು ಮೂರಡಿ ಕೌದಿ ಹೊಲೀರಿ. ಕೈ ಬರಲ್ಲ ಅನ್ನೋರು ಹೊಲಿಯೋರ ಕೈಗೆ ಕೊಡ್ರಿ. ಕೂಲಿ ಮಾತ್ರ ಅವರು ಕೇಳಿದಷ್ಟು ಕೊಡ್ರಿ.”