ಚೌಬಾರಾಕ್ಕೆ ಬಾಲ ಬಂದದ್ದು

ಬೀದರಿನ ಹಳೇ ಊರಿನ ನಟ್ಟನಡುವೆ ಚೌಬಾರಾ ಇದೆ. 71 ಅಡಿ ಎತ್ತರದ ದುಂಡನೆಯ ಕಾವಲು ಗೋಪುರ. ಬಹಮನಿಗಳು, ಬರೀದ್ ಶಾಹಿಗಳು, ಮೊಘಲರು, ನಿಜಾಮರು ಒಬ್ಬರ ಹಿಂದೊಬ್ಬರು ಬಂದು ಹೋದರು. ಅದನ್ನು ನಡುವೆ ಸೀಳಿ ಎರಡು ಹೋಳು ಮಾಡುವ ಯೋಚನೆ ಯಾರಿಗೂ ಬರಲಿಲ್ಲ. ಆ ಕೆಲಸ ನನಗಾಗಿ ಕಾದಿತ್ತು. ತೋಪು, ಮದ್ದು ಏನೂ ಬೇಕಾಗಲಿಲ್ಲ. ಒಂದು ಕತ್ತರಿ, ಒಂದು ಡಬ್ಬಿ ಗೋಂದು ಸಾಕಾಯಿತು.

ನಮಗೊಂದು ಝೀನ್ ಮಾಡುವ ಹುಚ್ಚು ಹಿಡಿದಿತ್ತು. ಹಿಂದಿನವರ ಕೈಬರಹ ಪತ್ರಿಕೆಯ ಹಾಗೆ ನಾವೇ ಬರೆದು, ನಾವೇ ಚಿತ್ರ ಬಿಡಿಸಿ, ಜೆರಾಕ್ಸ್ ಹೊಡೆಸಿ, ಮಡಚಿ ಹಂಚುವ ಪುಟ್ಟ ಪುಸ್ತಿಕೆ. ಬೀದರಿನಿಂದ ನಾನು, ಭಾಲ್ಕಿಯಿಂದ ಒಬ್ಬ ಗೆಳೆಯ, ಔರಾದಿನಿಂದ ಒಬ್ಬ ಗೆಳತಿ. ಅವರಿಬ್ಬರಿಗೂ ಚಿತ್ರ ಬರುತ್ತದೆ. ನನಗೆ ಬಾರದ್ದರಿಂದ ಪುಟವಿನ್ಯಾಸ ನನ್ನ ಪಾಲಿಗೆ ಬಂತು.

ನಾಲ್ಕು ಎ4 ಹಾಳೆ ನಡುವೆ ಮಡಚಿದರೆ 16 ಪುಟ. ರಕ್ಷಾಪುಟ ಬಿದ್ರಿ ಹೂಜಿಯಂತೆ ಕಡುಗಪ್ಪಾಗಿರಬೇಕೆಂದು ನನ್ನ ಹಟ. ಬಿದ್ರಿಯ ಕಪ್ಪು ಕೋಟೆಯ ಮಣ್ಣು, ನವಸಾಗರ ಬೆರೆಸಿ ಕುದಿಸಿದ ನೀರಿನಿಂದ ಬರುವಂಥದ್ದು. ಎಣ್ಣೆ ಹಚ್ಚಿ ಒರೆಸಿದಷ್ಟೂ ಮಿರುಗುತ್ತದೆ. ನಮ್ಮ ಕಪ್ಪು ಟೋನರಿನದು. ಒರೆಸಿದಷ್ಟೂ ಕೈಗೆ ಬರುತ್ತದೆ, ಮಡಚಿದ ಗೆರೆಯುದ್ದಕ್ಕೂ ಉದುರುತ್ತದೆ. ಸಾಲದ್ದಕ್ಕೆ ಯಂತ್ರ ಹಾಳೆಯ ಅಂಚಿನವರೆಗೆ ಮುದ್ರಿಸದೆ ಸುತ್ತಲೂ ಬಿಳಿ ಪಟ್ಟಿ ಬಿಟ್ಟಿತು. ಅಂಗಡಿಯವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ದನಿ ತಗ್ಗಿಸಿ ಕೇಳಿದ: "ಮನ್ಯಾಗ ಯಾರರ ಹೋಗ್ಯಾರೇನ್ರಿ ಅಣ್ಣಾ?"

ಉಳಿದ ಏಳು ಮೈಗಳ ಮೇಲೆ ಓದುವ ಕ್ರಮದಲ್ಲೇ ಚಿತ್ರ ಅಂಟಿಸುತ್ತ ಹೋದೆ. 2–3ಕ್ಕೆ ಚೌಬಾರಾ. 4–5ಕ್ಕೆ ಔರಾದ್ ಗೆಳತಿಯ ದೇವಣಿ ಹೋರಿ: ಬಿಳಿ ಮೈ, ಕರಿ ಮಚ್ಚೆ, ಜೆರಾಕ್ಸಿಗೆಂದೇ ಹುಟ್ಟಿದ ತಳಿ. 6–7ಕ್ಕೆ ಭಾಲ್ಕಿ ಹಿರೇಮಠ. ನಿಜಾಮನ ಕಾಲದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರಲ್ಲ, ಆ ದೃಶ್ಯ. ಎಡಕ್ಕೆ ಫಲಕ, ಬಲಕ್ಕೆ ಮಕ್ಕಳು. 8–9ಕ್ಕೆ ಭಾಲ್ಕಿ ಕಡೆ ಹೊರಟ ರೈಲು. ಆಮೇಲೆ ಚುಟುಕ, ಪದಬಂಧ. ಕೊನೆಗೆ 14–15ರಲ್ಲಿ ನನ್ನ 'ಸಂಪಾದಕರ ಮಾತು'. ಅದನ್ನು ಅಷ್ಟು ಹಿಂದಕ್ಕೆ ತಳ್ಳಿದ್ದು ಗೆಳೆಯರು. ಓದುಗರು ಅಲ್ಲಿಯವರೆಗೆ ಬರಲಿಕ್ಕಿಲ್ಲ ಎಂಬ ಸದುದ್ದೇಶದಿಂದ.

ನೂರು ಪ್ರತಿ ಹೊಡೆಸಿಯಾದ ಮೇಲೆ ಒಂದನ್ನು ಮಡಚಿ, ಹಾಳೆಯೊಳಗೆ ಹಾಳೆ ಸೇರಿಸಿ ತೆರೆದೆವು. 2ನೇ ಪುಟದಲ್ಲಿ ಅರ್ಧ ಚೌಬಾರಾ. ಅದಕ್ಕಂಟಿಕೊಂಡು ಎದುರು ಪುಟದಲ್ಲಿ ಹೋರಿಯ ಹಿಂಭಾಗ, ಬಾಲ ಸಮೇತ. ತಲೆ ಹುಡುಕುತ್ತ ಹೋದರೆ 14ರಲ್ಲಿ ಸಿಕ್ಕಿತು. ಡುಬ್ಬದ ಹಿಂದೆ ಚೌಬಾರಾದ ಉಳಿದರ್ಧ. ರೈಲಿನ ಕೊನೆಯ ಬೋಗಿ 5ರಲ್ಲಿ ಉರ್ದು ಫಲಕಕ್ಕೆ ತಗಲಿಕೊಂಡಿತ್ತು. ಎಂಜಿನ್ 12ರಲ್ಲಿ ಇಡೀ ಕನ್ನಡ ತರಗತಿಯನ್ನು ಎಳೆದುಕೊಂಡು ಹೊರಟಿತ್ತು. "ಇದೊಂದು ಚಲೋ ಬಂದಾದ ನೋಡು," ಅಂದ ಭಾಲ್ಕಿ ಗೆಳೆಯ.

ಅಂಗಡಿಯವನಿಗೆ ಮರುಕ ಬಂತು. "ಅಣ್ಣಾ, ಹಾಳಿ ಮ್ಯಾಲ ಬಾಜೂಕ ಇರೋ ಎರಡು ಪುಟ ಕೂಡಿಸಿದ್ರ ಹದಿನೇಳು ಆಗ್ಬೇಕ್ರಿ." ಒಂದರ ಜೊತೆ 16, ಎರಡರ ಜೊತೆ 15, ನಾಲ್ಕರ ಜೊತೆ 13. ಓದುವಾಗ ಅಕ್ಕಪಕ್ಕ ಕೂರುವ ಪುಟಗಳು ಹಾಳೆಯ ಮೇಲೆ ಬೇರೆ ಬೇರೆ ಊರಿನವು. ಖಾಲಿ ಹಾಳೆ ಮಡಚಿ, ಪುಟಸಂಖ್ಯೆ ಬರೆದು ಬಿಚ್ಚಿದರೆ ಸಣ್ಣ ಮಕ್ಕಳಿಗೂ ತಿಳಿಯುತ್ತದಂತೆ. ಅದಕ್ಕೆ ಡಮ್ಮಿ ಅನ್ನುತ್ತಾರೆ. ನಮ್ಮ ತಂಡದಲ್ಲಿ ಆ ಹುದ್ದೆ ಆಗಲೇ ಭರ್ತಿಯಾಗಿತ್ತು.

ಒಳಪುಟಗಳಲ್ಲಿ 8 ಮತ್ತು 9 ಮಾತ್ರ ಓದುವಾಗಲೂ ಜೋಡಿ, ಹಾಳೆಯ ಮೇಲೂ ಜೋಡಿ. ಅದು ನಡುಪುಟ, ಪತ್ರಿಕೆಯಲ್ಲೇ ಗದ್ದುಗೆಯ ಜಾಗ. ನಮ್ಮ ಝೀನಿನಲ್ಲಿ ಒಂದು ಅಕ್ಷರವೂ ಮುಕ್ಕಾಗದೆ ಅಲ್ಲಿ ಬಂದು ಕೂತದ್ದು 'ಸಂಪಾದಕರ ಮಾತು'. ಗೆಳತಿ ನನ್ನನ್ನೇ ದಿಟ್ಟಿಸಿದಳು. "ಇಷ್ಟೆಲ್ಲಾ ಇದರ ಸಲುವಾಗಿ ಮಾಡಿದೇನು?" ಅಂಥ ಸಂಚು ಹೂಡಲು ಬೇಕಾದಷ್ಟು ಲೆಕ್ಕ ನನಗೆ ಬರುವುದಿಲ್ಲ ಎಂದು ಆಣೆ ಹಾಕಿದರೂ ನಂಬಲಿಲ್ಲ.

ಮುಂದಿನ ಸಂಚಿಕೆಯ ಪುಟವಿನ್ಯಾಸ ಔರಾದಿಗೆ ಹೋಯಿತು. ನನಗೆ ಹೊಲಿಗೆ ಖಾತೆ ಕೊಟ್ಟರು, ಏಕೆಂದರೆ ಸಾದಾ ಸ್ಟೇಪ್ಲರಿನ ಬಾಯಿ ಪುಸ್ತಿಕೆಯ ಬೆನ್ನಿನವರೆಗೆ ಎಟಕುವುದಿಲ್ಲ. ಸೂಜಿ, ದಾರ, ಮಡಿಕೆಯ ಮೇಲೆ ಮೂರು ತೂತು. "ಇದ್ರಾಗ ಹದಿನೇಳರ ಲೆಕ್ಕ ಇಲ್ಲಲ್ಲ?" ಎಂದು ಖಾತ್ರಿ ಮಾಡಿಕೊಂಡೆ.

"ಏನೂ ಇಲ್ಲ. ನಡುವಿನ ತೂತಿನಿಂದ ಶುರು ಮಾಡಿ ಅಲ್ಲೇ ಬಂದು ಗಂಟು ಹಾಕು," ಅಂದಳು.

ನಾನು ಆಗಲೇ ತುದಿಯಿಂದ ಶುರು ಮಾಡಿ ಗಂಟೂ ಹಾಕಿ ಮುಗಿಸಿದ್ದೆ. ತೋರಿಸೋಣವೆಂದು ಪುಸ್ತಿಕೆ ಎತ್ತಿದರೆ ಜೊತೆಗೆ ನನ್ನ ಅಂಗಿಯ ತೋಳೂ ಎದ್ದು ಬಂತು.